ಬಜೆಟ್ ಬಂದದ್ದು ಬುಟ್ಟಿಯಿಂದಲಾ?

ಓದುಗರ ಪ್ರಶ್ನೆ: "ನಾನು ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮಕ್ಕಳು ಪೇಪರಿನ ಹೆಡ್‌ಲೈನ್ ಓದುತ್ತಾರೆ, ಆಮೇಲೆ ಅದರಲ್ಲಿ ಬಂದ ಒಂದು ಇಂಗ್ಲಿಷ್ ಶಬ್ದ ಎಲ್ಲಿಂದ ಬಂತು ಅಂತ ನಾನು ಹೇಳಬೇಕು. ಇಷ್ಟು ದಿನ ವಾಟ್ಸಾಪಿನಲ್ಲಿ ಬಂದದ್ದನ್ನೇ ಹೇಳುತ್ತಿದ್ದೆ. ನ್ಯೂಸ್ ಅಂದರೆ ನಾಲ್ಕು ದಿಕ್ಕುಗಳ ಮೊದಲ ಅಕ್ಷರ, ಬಜೆಟ್ ಬಂದದ್ದು ನಮ್ಮ ಬುಟ್ಟಿಯಿಂದ, ಟ್ಯಾರಿಫ್ ಎಂಬುದು ಸ್ಪೇನಿನ ಟರೀಫಾ ಬಂದರಿನ ಹೆಸರು, ಸೈಕ್ಲೋನ್ ಅಂದರೆ ಚಕ್ರ, ಒನ್ ಬಂದದ್ದು ಒಂದುವಿನಿಂದ, ಖಾಕಿ ನಮ್ಮ ಮಂಗಳೂರಿನ ಶಬ್ದ, ಹೀಗೆ. ಮೊನ್ನೆ ಒಬ್ಬ ಹುಡುಗಿಯ ತಂದೆ ಬಂದು 'ಇದೆಲ್ಲ ಸುಳ್ಳು ಟೀಚರೇ' ಅಂದರು. ನಮ್ಮ ಹೆಡ್‌ಮಾಸ್ಟರ್ ಮಾತ್ರ ಎಲ್ಲ ಇಂಗ್ಲಿಷ್ ಶಬ್ದವೂ ಸಂಸ್ಕೃತದಿಂದಲೇ ಬಂದದ್ದು, ಧೈರ್ಯವಾಗಿ ಹೇಳಿ ಅನ್ನುತ್ತಾರೆ. ನಾನು ಇದನ್ನು ನಿಲ್ಲಿಸಬೇಕಾ? ಮುಂದುವರಿಸುವುದಾದರೆ ಯಾವುದನ್ನು ನಂಬುವುದು? ತುಳುವಿನಿಂದ ಇಂಗ್ಲಿಷಿಗೆ ಹೋದ ಶಬ್ದ ಏನಾದರೂ ಉಂಟಾ ಅಂತಲೂ ಮಕ್ಕಳು ಕೇಳುತ್ತಾರೆ."

ಟೀಚರೇ, ನಿಲ್ಲಿಸುವುದು ಬೇಡ. ಶಬ್ದಗಳ ಹುಟ್ಟನ್ನು ಹುಡುಕುವ ಕೆಲಸದಲ್ಲೇ ಇಷ್ಟು ಕಾಲ ಕಳೆದವನು ನಾನು. ಹೈಸ್ಕೂಲ್ ಮಕ್ಕಳಿಗೆ ಇಷ್ಟು ಸುಲಭವಾಗಿ ರುಚಿ ಹತ್ತಿಸುವ ವಿಷಯ ಭಾಷೆಯಲ್ಲಿ ಇನ್ನೊಂದಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಶುದ್ಧ ಸುಳ್ಳು, ಅರ್ಧ ಸತ್ಯ, ಪೂರ್ತಿ ಸತ್ಯ ಮೂರೂ ಬೆರೆತು ಕೂತಿವೆ. ಆ ತಂದೆ ಹೇಳಿದ್ದೂ ಪೂರ್ತಿ ಸರಿಯಲ್ಲ, ಹೆಡ್‌ಮಾಸ್ಟರ್ ಹೇಳಿದ್ದೂ ಪೂರ್ತಿ ತಪ್ಪಲ್ಲ. ಅದಕ್ಕೇ ಇದು ಕಷ್ಟ ಅನ್ನಿಸುವುದು.

ನ್ಯೂಸ್‌ನಿಂದ ಶುರು ಮಾಡುವ. ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ಕಥೆ ಸುಳ್ಳು. ಹೊಸದು ಎಂಬ ಅರ್ಥದ 'ನ್ಯೂ'ಗೆ ಬಹುವಚನದ ಬಾಲ ಸೇರಿ ಆದದ್ದು ಅದು. ಅಂದರೆ 'ಹೊಸತುಗಳು'. ಫ್ರೆಂಚರು 'ನೂವೆಲ್' ಅನ್ನುತ್ತಿದ್ದರು, ಅದೇ ಜಾಡಿನಲ್ಲಿ ಇಂಗ್ಲಿಷರೂ ಹೇಳಿದರು. ಹಳೇ ಇಂಗ್ಲಿಷ್ ಬರಹಗಳಲ್ಲಿ ಇದನ್ನು ನಡುವೆ ಇನ್ನೊಂದು 'ಇ' ಸೇರಿಸಿ ಐದಕ್ಷರದಲ್ಲೂ ಬರೆದದ್ದು ಸಿಗುತ್ತದೆ. ಐದು ಅಕ್ಷರಕ್ಕೆ ಐದನೇ ದಿಕ್ಕನ್ನು ಎಲ್ಲಿಂದ ತರುವುದು? ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಮೊದಲ ಅಕ್ಷರಗಳನ್ನು ಕೂಡಿಸಿ ಶಬ್ದ ಕಟ್ಟುವ ಚಾಳಿ ಜಾಸ್ತಿ ಆದದ್ದು 20ನೇ ಶತಮಾನದಲ್ಲಿ. ಅದಕ್ಕಿಂತ ಹಳೆಯ ಶಬ್ದಕ್ಕೆ ಯಾರಾದರೂ 'ಇದರ ಫುಲ್ ಫಾರ್ಮ್ ಏನು ಗೊತ್ತಾ' ಅಂತ ಶುರು ಮಾಡಿದರೆ ಅಲ್ಲೇ ಸಂಶಯಪಡಬಹುದು. ಹತ್ತರಲ್ಲಿ ಒಂಬತ್ತು ಸಲ ಅದು ಆಮೇಲೆ ಹೊಲಿದ ಅಂಗಿ.

ನಮ್ಮ ಕಡೆಯದ್ದೂ ಒಂದು ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಮಂಗಳೂರಿನಿಂದಲೇ, 1843ರ ಜುಲೈ 1ರಂದು, ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಕೈಯಿಂದ. ಅವರು ಇಟ್ಟ ಹೆಸರು 'ಮಂಗಳೂರ ಸಮಾಚಾರ'. ಜರ್ಮನಿಯಿಂದ ಬಂದವರಿಗೆ ಸಮಾಚಾರ ಸಾಕಾಯಿತು, ನಮ್ಮ ಟಿವಿ ಚಾನೆಲ್‌ಗಳಿಗೆ ಮಾತ್ರ 'ನ್ಯೂಸ್' ಇಲ್ಲದಿದ್ದರೆ ಆಗುವುದಿಲ್ಲ.

ಬಜೆಟ್. ಬುಟ್ಟಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಬುಟ್ಟಿ ನಮ್ಮದೇ ದ್ರಾವಿಡ ಮನೆತನದ ಶಬ್ದ, ತೆಲುಗಿನಲ್ಲಿ ಬುಟ್ಟ ಅನ್ನುತ್ತಾರೆ. ಬಜೆಟ್ ಬಂದದ್ದು ಹಳೇ ಫ್ರೆಂಚಿನ 'ಬೂಜೆಟ್' ಎಂಬುದರಿಂದ, ಅಂದರೆ ಸಣ್ಣ ಚರ್ಮದ ಚೀಲ. ಅದು ಲ್ಯಾಟಿನ್ನಿನ 'ಬುಲ್ಗಾ' ಎಂಬ ಶಬ್ದದಿಂದ ಬಂತು, ರೋಮನ್ನರು ಅದನ್ನು ಈಗಿನ ಫ್ರಾನ್ಸಿನ ಕಡೆ ಆಗ ಇದ್ದ ಗಾಲ್ ಜನರಿಂದ ಎತ್ತಿಕೊಂಡಿದ್ದರು. ಉಬ್ಬು ಎಂಬ ಅರ್ಥದ 'ಬಲ್ಜ್' ಉಂಟಲ್ಲ, ಅದೂ ಇದೇ ಚೀಲದ ಸಂಬಂಧಿ. ಆದರೆ ಚರ್ಮದ ಚೀಲ ಸರಕಾರದ ಲೆಕ್ಕ ಆದದ್ದು ಹೇಗೆ? ಅದು ಇನ್ನೂ ಗಮ್ಮತ್ತು. 1733ರಲ್ಲಿ ಇಂಗ್ಲೆಂಡಿನಲ್ಲಿ ಪ್ರಧಾನಮಂತ್ರಿ ರಾಬರ್ಟ್ ವಾಲ್ಪೋಲ್ ಹೊಸ ತೆರಿಗೆ ಹಾಕಲು ಹೊರಟಾಗ ವಿರೋಧಿಗಳು ಒಂದು ಕರಪತ್ರ ಹಂಚಿದರು. ಅದರಲ್ಲಿ ಅವನನ್ನು ಜಾತ್ರೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು ಅಂತ ಕೂಗಿ ಚೀಲ ಬಿಚ್ಚುವ ನಕಲಿ ವೈದ್ಯನ ಹಾಗೆ ತೋರಿಸಿದ್ದರು. 'ಬಜೆಟ್ ಬಿಚ್ಚಿದ' ಅಂತ ಗೇಲಿ. ಆ ಗೇಲಿಯ ಮಾತೇ ಗಟ್ಟಿಯಾಗಿ ನಿಂತಿತು. 1860ರಲ್ಲಿ ಜೇಮ್ಸ್ ವಿಲ್ಸನ್ ಭಾರತದ ಮೊದಲ ಬಜೆಟ್ ಮಂಡಿಸುವ ಹೊತ್ತಿಗೆ ಅದರಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ನಮ್ಮ ಹಣಕಾಸು ಮಂತ್ರಿಗಳು ಬ್ರೀಫ್‌ಕೇಸ್ ಹಿಡಿದು ಫೋಟೋಗೆ ನಿಲ್ಲುತ್ತಿದ್ದದ್ದು, 2019ರಲ್ಲಿ ನಿರ್ಮಲಾ ಸೀತಾರಾಮನ್ ಅದನ್ನು ಬಿಟ್ಟು ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತ ಹಿಡಿದು ಬಂದದ್ದು ಮಕ್ಕಳಿಗೆ ತೋರಿಸಿ. ಚೀಲ ಬದಲಾಯಿತು, ಶಬ್ದದೊಳಗಿನ ಚೀಲ ಮಾತ್ರ ಹಾಗೇ ಉಂಟು.

ಟ್ಯಾರಿಫ್‌ನದ್ದು ಬೇರೆ ಥರ. 2025ರಲ್ಲಿ ಅಮೆರಿಕ ನಮ್ಮ ಸಾಮಾನಿನ ಮೇಲೆ ಸುಂಕ ಏರಿಸಿದಾಗ ಈ ಶಬ್ದ ದಿನಾ ಪೇಪರಿನಲ್ಲಿ ಬಂತು, ಇಲ್ಲಿ ಗೇರುಬೀಜ, ಮೀನು ಕಳಿಸುವವರ ಬಾಯಲ್ಲೂ ಬಂತು. ಟರೀಫಾ ಎಂಬ ಬಂದರು ಸ್ಪೇನಿನಲ್ಲಿ ಇರುವುದು ನಿಜ. ಅಲ್ಲಿ ಸುಂಕ ಕಟ್ಟಿಸಿಕೊಳ್ಳುತ್ತಿದ್ದರು, ಅದಕ್ಕೇ ಟ್ಯಾರಿಫ್ ಅಂತ ಹೇಳುವವರೂ ಬಹಳ. ಆದರೆ ಆ ಊರಿನ ಹೆಸರು ಬಂದದ್ದು ತಾರಿಫ್ ಎಂಬ ಸೇನಾನಿಯಿಂದ, ನಮ್ಮ ಶಬ್ದ ಬಂದದ್ದು ಅರಬ್ಬಿಯ 'ತಅರೀಫ್' ಎಂಬುದರಿಂದ. ತಿಳಿಸುವುದು, ಗೊತ್ತು ಮಾಡಿಸುವುದು ಅಂತ ಅದರ ಅರ್ಥ. ಮೆಡಿಟರೇನಿಯನ್ ಸಮುದ್ರದ ವ್ಯಾಪಾರಿಗಳ ಕೈಯಲ್ಲಿ ಅದು ದರಪಟ್ಟಿ ಆಯಿತು, ಇಟಲಿಯವರು 'ತರಿಫ್ಫಾ' ಅಂದರು, ಅಲ್ಲಿಂದ ಫ್ರೆಂಚ್, ಆಮೇಲೆ ಇಂಗ್ಲಿಷ್. ಲಾಡ್ಜಿನ ಗೋಡೆಗೆ ಅಂಟಿಸಿದ 'ರೂಮ್ ಟ್ಯಾರಿಫ್'ನಲ್ಲಿ ಹಳೇ ಅರ್ಥ ಈಗಲೂ ಜೀವಂತ ಇದೆ, ಅದು ಸುಂಕ ಅಲ್ಲ, ದರ ತಿಳಿಸುವ ಹಲಗೆ. ಹಿಂದಿಯವರು ಹೊಗಳಿಕೆಗೆ 'ತಾರೀಫ್' ಅನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ಪರಿಚಯ ಕೇಳುವಾಗ 'ಆಪ್ ಕೀ ತಾರೀಫ್' ಅನ್ನುವುದೂ ಅದಕ್ಕೇ, ನಿಮ್ಮನ್ನು ಗೊತ್ತು ಮಾಡಿಸಿ ಅಂತ. ಇಷ್ಟು ಕೇಳಿದ ಕೂಡಲೇ ಕ್ಲಾಸಿನಲ್ಲಿ ಒಬ್ಬ ಎದ್ದು 'ಹಾಗಾದರೆ ನಮ್ಮ ತಾರೀಕು ಕೂಡ?' ಅಂತ ಕೇಳಿಯೇ ಕೇಳುತ್ತಾನೆ. ಇಲ್ಲ. ತಾರೀಕೂ ಅರಬ್ಬಿಯದ್ದೇ, ಆದರೆ ಅದರ ಬೇರು ಬೇರೆ. ಕಿವಿಗೆ ಹತ್ತಿರ, ರಕ್ತಸಂಬಂಧ ಇಲ್ಲ.

ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಮ್ಮ ಎಲ್ಲ ಗೊಂದಲದ ಬುಡ ಇಲ್ಲಿದೆ. ವಾಟ್ಸಾಪ್ ಕಥೆಗಳಿಗೆ ಇರುವ ಆಧಾರ ಒಂದೇ, ಎರಡು ಶಬ್ದ ಕಿವಿಗೆ ಒಂದೇ ಥರ ಕೇಳುವುದು. ನಮ್ಮ ಕಸುಬಿನಲ್ಲಿ ಅದು ಆಧಾರವೇ ಅಲ್ಲ. ಜಗತ್ತಿನಲ್ಲಿ ಸಾವಿರಾರು ಭಾಷೆ, ಒಂದೊಂದರಲ್ಲೂ ಸಾವಿರಗಟ್ಟಲೆ ಶಬ್ದ, ಮನುಷ್ಯನ ಬಾಯಿಗೆ ಹೊರಡಿಸಲು ಆಗುವ ಧ್ವನಿ ಮಾತ್ರ ಬೆರಳೆಣಿಕೆಯಷ್ಟು. ಸುಮ್ನೆ ಹೋಲುವ ಜೋಡಿಗಳು ಸಿಕ್ಕೇ ಸಿಗುತ್ತವೆ.

'ಒನ್' ಮತ್ತು 'ಒಂದು' ನೋಡಿ. ಈಗ ಕೇಳಿದರೆ ಅಣ್ಣತಮ್ಮ ಅನ್ನಿಸುತ್ತದೆ. ಆದರೆ ಸಾವಿರ ವರ್ಷದ ಹಿಂದೆ ಇಂಗ್ಲಿಷರು ಅದನ್ನು 'ಆನ್' ಅನ್ನುತ್ತಿದ್ದರು. ಮೊದಲಿಗೆ 'ವ' ಸೇರಿ ಈಗಿನ ಹಾಗೆ ಕೇಳಲು ಶುರುವಾದದ್ದು ಎಷ್ಟೋ ಆಮೇಲೆ. 'ಓನ್ಲಿ', 'ಅಲೋನ್' ಎರಡರಲ್ಲೂ ಇದೇ ಶಬ್ದ ಅಡಗಿದೆ, ಅಲ್ಲಿ ಆ 'ವ' ಬರಲೇ ಇಲ್ಲ, ಮಕ್ಕಳ ಹತ್ತಿರ ಜೋರಾಗಿ ಹೇಳಿಸಿ ನೋಡಿ. ಜರ್ಮನ್ನಿನಲ್ಲಿ 'ಐನ್ಸ್', ಲ್ಯಾಟಿನ್ನಿನಲ್ಲಿ 'ಊನುಸ್'. ಹಿಂದೆ ಹೋದಷ್ಟೂ ಅದು ನಮ್ಮ 'ಒಂದು'ವಿನಿಂದ ದೂರ ಹೋಗುತ್ತದೆ. ನಿಜವಾದ ಸಂಬಂಧ ಆಗಿದ್ದರೆ ಹಿಂದೆ ಹೋದಷ್ಟೂ ಹತ್ತಿರ ಬರಬೇಕಿತ್ತು ಅಲ್ವಾ?

ಹಾಗಾದರೆ ನಿಜವಾದ ಸಂಬಂಧ ಹೇಗಿರುತ್ತದೆ? ಇದಕ್ಕೆ ನಿಮ್ಮ ಮಕ್ಕಳ ಬಾಯಲ್ಲೇ ಪಾಠ ಉಂಟು. ಕ್ಲಾಸಿನಲ್ಲಿ ತುಳು ಮಾತಾಡುವವರನ್ನು ಒಂದು ಕಡೆ, ಕನ್ನಡದವರನ್ನು ಒಂದು ಕಡೆ ನಿಲ್ಲಿಸಿ. ತುಳುವಿನವರು ಪಿಲಿ ಅನ್ನಲಿ, ಇವರು ಹುಲಿ ಅನ್ನಲಿ. ಪಂಜಿ, ಹಂದಿ. ಪೂ, ಹೂ. ಪತ್ತ್, ಹತ್ತು. ಪುಳಿ, ಹುಳಿ. ಒಂದೆರಡು ಶಬ್ದದ ಹೋಲಿಕೆ ಅಲ್ಲ ಇದು, ಪ ಇದ್ದಲ್ಲೆಲ್ಲ ಹ. ಕನ್ನಡದಲ್ಲೂ ಮೊದಲು ಪ ಇತ್ತು, ಹಳಗನ್ನಡದ ಶಾಸನಗಳಲ್ಲಿ ಹಾಗೇ ಇದೆ, ಆಮೇಲೆ ಅದು ಸಾಲುಸಾಲಾಗಿ ಹ ಆಯಿತು. ಹೀಗೆ ಒಂದು ಕ್ರಮದಲ್ಲಿ ಧ್ವನಿ ಬದಲಾಗಿದ್ದರೆ ಅದು ಸಂಬಂಧ. ಸಂಸ್ಕೃತಕ್ಕೂ ಇಂಗ್ಲಿಷಿಗೂ ಅಂಥದ್ದೇ ಒಂದು ಸಾಲು ಉಂಟು. ಪಿತೃ, ಫಾದರ್. ಪಾದ, ಫುಟ್. ಪಂಚ, ಫೈವ್. ಅಲ್ಲಿ ಪ ಇದ್ದದ್ದು ಇಲ್ಲಿ ಫ. ಇದು ಗಟ್ಟಿ ಆಧಾರ.

ಈಗ ಹೆಡ್‌ಮಾಸ್ಟರ್ ಮಾತಿಗೆ ಬರುವ. 1786ರಲ್ಲಿ ಕಲ್ಕತ್ತದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಚಿಮ್ಮಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂತ ಹೇಳಿದರು. ಅವರ ಮಾತಿನ ಮೊದಲರ್ಧ ಮಾತ್ರ ನಮ್ಮಲ್ಲಿ ಓಡಾಡುತ್ತದೆ. ಒಂದೇ ಅಜ್ಜಿಯ ಮೊಮ್ಮಕ್ಕಳು ಅಂತ ಜೋನ್ಸ್ ಹೇಳಿದ್ದನ್ನು ನಾವು ಸಂಸ್ಕೃತವೇ ಅಜ್ಜಿ ಅಂತ ಮಾಡಿಕೊಂಡೆವು. ಇಂಗ್ಲಿಷಿನ 'ನ್ಯೂ' ಮತ್ತು ಸಂಸ್ಕೃತದ 'ನವ' ದಾಯಾದಿಗಳು. ಆ ಲೆಕ್ಕದಲ್ಲಿ ನ್ಯೂಸ್‌ಗೂ ನವೀನಕ್ಕೂ ನಂಟು ಉಂಟು, ನಾಲ್ಕು ದಿಕ್ಕಿನ ಕಥೆಗಿಂತ ಇದೇ ಚಂದ ಇಲ್ವಾ? ವೈರಸ್ ಮತ್ತು ವಿಷ ಕೂಡ ಹಾಗೆಯೇ, ಲ್ಯಾಟಿನ್ನಿನಲ್ಲಿ ವೈರಸ್ ಅಂದರೆ ವಿಷವೇ. ಆದರೆ ದಾಯಾದಿ ಬೇರೆ, ಮಗ ಬೇರೆ. ಹೆಡ್‌ಮಾಸ್ಟರಿಗೆ ಹೀಗೆ ಹೇಳಿದರೆ ಬೇಜಾರಾಗಲಿಕ್ಕಿಲ್ಲ. ಜೊತೆಗೆ ಇನ್ನೊಂದು ವಿಷಯ, ಕನ್ನಡ, ತುಳು ಆ ಮನೆತನದವೇ ಅಲ್ಲ. ದಕ್ಷಿಣದ ಭಾಷೆಗಳದ್ದು ಬೇರೆಯೇ ಕುಟುಂಬ ಅಂತ 1816ರಲ್ಲೇ ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ಬರೆದಿದ್ದರು. ಸಂಸ್ಕೃತದಿಂದ ನಾವು ಶಬ್ದ ತಗೊಂಡದ್ದು ರಾಶಿ, ಹುಟ್ಟಿದ್ದು ಅಲ್ಲಿಂದ ಅಲ್ಲ.

ಸೈಕ್ಲೋನ್ ವಿಷಯದಲ್ಲಿ ನೀವು ಹೇಳಿದ್ದು ಮುಕ್ಕಾಲು ಸರಿ. ಗ್ರೀಕಿನ 'ಕ್ಯುಕ್ಲೋಸ್', ಸಂಸ್ಕೃತದ 'ಚಕ್ರ', ಇಂಗ್ಲಿಷಿನ 'ವ್ಹೀಲ್' ಮೂರೂ ದಾಯಾದಿಗಳೇ. ಆದರೆ ಸೈಕ್ಲೋನ್ ಎಂಬ ಶಬ್ದ ಹುಟ್ಟಿದ್ದು ಕಲ್ಕತ್ತದಲ್ಲಿ, ಹೆನ್ರಿ ಪಿಡ್ಡಿಂಗ್ಟನ್ ಎಂಬವರು ಅದನ್ನು ಗ್ರೀಕಿನಿಂದ ಬೇಕೆಂದೇ ಕಟ್ಟಿದರು. ಬಂಗಾಳ ಕೊಲ್ಲಿಯ ಬಿರುಗಾಳಿಗಳ ಲೆಕ್ಕ ಇಡುತ್ತಿದ್ದ ಮನುಷ್ಯ, ಗಾಳಿ ಹಾವಿನ ಸುರುಳಿಯ ಹಾಗೆ ತಿರುಗುತ್ತದೆ ಅಂತ ಗಮನಿಸಿ 1848ರ ತನ್ನ ಪುಸ್ತಕದಲ್ಲಿ ನಾವಿಕರಿಗೆ ಹೇಳಿಕೊಟ್ಟ. 2021ರ ಮೇಯಲ್ಲಿ ತೌಕ್ತೆ ನಮ್ಮ ಕಡಲಿಗೆ ಬಡಿದು ಹೋದದ್ದು ಮಕ್ಕಳಿಗೆ ನೆನಪಿರಬಹುದು. ಆ ಹೆಸರು ಕೊಟ್ಟದ್ದು ಮ್ಯಾನ್ಮಾರ್, ಅವರ ಭಾಷೆಯಲ್ಲಿ ಅದು ಒಂದು ಜಾತಿಯ ಹಲ್ಲಿ.

ಇನ್ನು ಖಾಕಿ. ಮಂಗಳೂರಿನವರಿಗೆ ಇದು ಅಭಿಮಾನದ ವಿಷಯ, ಹಾಗಾಗಿ ಮೆಲ್ಲಗೆ ಹೇಳುತ್ತೇನೆ. ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ನೇಕಾರರು 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ಹಾಕಿದ ಬಟ್ಟೆ ತಯಾರಿಸಿದರು, ಪೊಲೀಸರಿಗೆ ಅದೇ ಸಮವಸ್ತ್ರ ಆಯಿತು ಎಂಬ ಕಥೆ ಊರಿನಲ್ಲಿ ಬಹಳ ಹಿಂದಿನಿಂದ ಉಂಟು. ಬಟ್ಟೆಯ ಕಥೆ ಬೇರೆ, ಶಬ್ದದ ಕಥೆ ಬೇರೆ. ಫಾರ್ಸಿಯಲ್ಲಿ 'ಖಾಕ್' ಅಂದರೆ ಧೂಳು, ಮಣ್ಣು. ಖಾಕಿ ಅಂದರೆ ಮಣ್ಣಿನ ಬಣ್ಣದ್ದು. ಬ್ರಿಟಿಷರ ಸೈನ್ಯಕ್ಕೆ ಈ ಶಬ್ದ ಹತ್ತಿದ್ದು 1840ರ ದಶಕದ ಕೊನೆಯಲ್ಲಿ ಪೇಶಾವರದ ಕಡೆ, ಲಮ್ಸ್‌ಡೆನ್ ಎಂಬ ಸೇನಾಧಿಕಾರಿ ಕಟ್ಟಿದ 'ಗೈಡ್ಸ್' ಪಡೆ ಧೂಳಿನ ಬಣ್ಣದ ಬಟ್ಟೆ ತೊಟ್ಟಾಗ. ಮಂಗಳೂರಿನಲ್ಲಿ ಆ ಬಣ್ಣದ ಬಟ್ಟೆ ನೇಯ್ದರು ಅಂತ ಹೇಳಿ, ಶಬ್ದವನ್ನೂ ನೇಯ್ದರು ಅಂತ ಹೇಳಬೇಡಿ.

ಮಕ್ಕಳ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ತುಳುವಿನಿಂದ ಹೋದ ಶಬ್ದ ಉಂಟಾ ಅಂತ. ಇಲ್ಲಿ ಪೇಪರಿನ ವಾಣಿಜ್ಯ ಪುಟ ತೆಗೆದರೆ ದಿನಾ ಕಾಣುವ ಒಂದು ಶಬ್ದ ಹಿಡಿಯಿರಿ, ಅರೆಕಾ, ನಮ್ಮ ಅಡಿಕೆ. ಪೋರ್ಚುಗೀಸರು ಇದನ್ನು ಮಲಯಾಳದ 'ಅಡೈಕ್ಕ'ದಿಂದ ಎತ್ತಿಕೊಂಡರು, ನಮ್ಮ ಕನ್ನಡದ ಅಡಿಕೆ ಅದರ ಸೋದರಿ. ಇಂಗ್ಲಿಷರು ಪೋರ್ಚುಗೀಸರಿಂದ ತಗೊಂಡರು. ವೀಳ್ಯದೆಲೆಯ 'ಬೀಟಲ್' ಮಲಯಾಳದ 'ವೆತ್ತಿಲ'ದಿಂದ. ಕೊಬ್ಬರಿಯ 'ಕೋಪ್ರಾ', ನಾರಿನ 'ಕಾಯರ್', ತೇಗದ 'ಟೀಕ್', ಹಲಸಿನ 'ಜ್ಯಾಕ್' ಎಲ್ಲವೂ ಅದೇ ದಾರಿ, ಹಲಸಿಗೆ ಅಲ್ಲಿ 'ಚಕ್ಕ' ಅನ್ನುತ್ತಾರಲ್ಲ. ಈಗ ಯೋಚಿಸಿ, ತುಳುನಾಡಿನಲ್ಲಿ ಬಚ್ಚಿರೆ ಬಜ್ಜೆಯಿ, ಅಂದರೆ ವೀಳ್ಯದೆಲೆ ಅಡಿಕೆ, ಇಲ್ಲದೆ ಒಂದು ಮಾತುಕತೆ ಮುಗಿಯುವುದಿಲ್ಲ, ಆದರೂ 'ಬಜ್ಜೆಯಿ' ಲಂಡನ್ನಿಗೆ ಹೋಗಲಿಲ್ಲ. ಮಾವಿಗೆ ತುಳುವಿನಲ್ಲಿ ಕುಕ್ಕು, ಅದೂ ಹೋಗಲಿಲ್ಲ. ಯಾಕೆ? ನಮ್ಮ ಅಡಿಕೆ ಕಡಿಮೆಯದ್ದು ಅಂತ ಅಲ್ಲ ಮಾರಾಯ್ರೆ. ಪೋರ್ಚುಗೀಸರು ಮೊದಲು ಬಂದು ಇಳಿದದ್ದು, ಕೋಟೆ ಕಟ್ಟಿ ಕೂತದ್ದು, ಮಾತು ಕಲಿತದ್ದು ಕಲ್ಲಿಕೋಟೆ, ಕೊಚ್ಚಿ ಕಡೆ. ಅಲ್ಲಿ ಮಾರುವವನ ಬಾಯಲ್ಲಿ ಏನು ಹೆಸರಿತ್ತೋ ಅದೇ ಹಡಗು ಹತ್ತಿತು. ಇಲ್ಲಿಗೆ ಬರುವ ಹೊತ್ತಿಗೆ ಅವರ ಹತ್ತಿರ ಹೆಸರು ಆಗಲೇ ಇತ್ತು. ಗೇರುಬೀಜದ್ದು ಇದಕ್ಕೆ ಉಲ್ಟಾ. ಅದನ್ನು ಅವರೇ ಬ್ರೆಜಿಲಿನಿಂದ ತಂದರು, ಅಲ್ಲಿನ ತುಪಿ ಜನರ ಶಬ್ದದಿಂದ 'ಕಾಜು' ಆಯಿತು, ಇಂಗ್ಲಿಷರಿಗೆ 'ಕ್ಯಾಶ್ಯೂ', ಕೊಂಕಣಿಯವರಿಗೂ ಹಿಂದಿಯವರಿಗೂ ಕಾಜು.

ಇಷ್ಟರಿಂದ ನಿಮಗೆ ಒಂದು ಅಳತೆಗೋಲು ಸಿಗುತ್ತದೆ. ಯಾವ ಶಬ್ದದ ಕಥೆ ಬಂದರೂ ಮೂರು ಪ್ರಶ್ನೆ ಕೇಳಿ. ಯಾರು ತಂದರು? ಯಾವ ದಾರಿಯಲ್ಲಿ? ಮೊದಲು ಬರೆದದ್ದು ಎಲ್ಲಿ ಸಿಗುತ್ತದೆ? ಬುಟ್ಟಿಯನ್ನು ಇಂಗ್ಲೆಂಡಿಗೆ ಹೊತ್ತವರು ಯಾರು ಅಂತ ಕೇಳಿದರೆ ಫಾರ್ವರ್ಡ್ ಮಾಡಿದವರು ಸುಮ್ಮನಾಗುತ್ತಾರೆ. ಮಾನ್ಸೂನ್ ಬಗ್ಗೆ ಕೇಳಿ, ದಾರಿ ಕಣ್ಣಿಗೆ ಕಾಣುತ್ತದೆ. ಅರಬ್ಬಿಯಲ್ಲಿ 'ಮೌಸಿಮ್' ಅಂದರೆ ಗೊತ್ತಾದ ಕಾಲ. ಗಾಳಿ ಬೀಸುವ ದಿಕ್ಕು ನೋಡಿ ಹಡಗು ಬಿಡುವ ಕಾಲ. 14ನೇ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಪರ್ಷಿಯ, ಯೆಮೆನ್ ಕಡೆಯ ವ್ಯಾಪಾರಿಗಳು ಇಲ್ಲಿ ತುಂಬಿದ್ದರು, ಮೆಣಸು, ಶುಂಠಿ ಧಾರಾಳ ಸಿಗುತ್ತಿತ್ತು ಅಂತ ಬರೆದಿದ್ದಾನೆ. ಅವರೆಲ್ಲ ಬಂದು ಹೋಗುತ್ತಿದ್ದದ್ದು ಈ ಗಾಳಿಯ ಲೆಕ್ಕದಲ್ಲೇ. ಆಮೇಲೆ ಅದೇ ಸಮುದ್ರಕ್ಕೆ ಪೋರ್ಚುಗೀಸರು ಬಂದು 'ಮೊನ್ಸಾಂವ್' ಅಂದರು, ಡಚ್ಚರು, ಇಂಗ್ಲಿಷರು ಅವರಿಂದ ಕಲಿತರು. ಹಿಂದಿಯ 'ಮೌಸಮ್' ಅದೇ ಅರಬ್ಬಿ ಶಬ್ದ ಬೇರೆ ಬಾಗಿಲಿನಿಂದ ಒಳಗೆ ಬಂದದ್ದು.

ಎಲೆಕ್ಷನ್ ಬಂದರೆ ನಿಮಗೆ ಸುಗ್ಗಿ. ರೋಮಿನಲ್ಲಿ ಅಧಿಕಾರಕ್ಕೆ ನಿಲ್ಲುವವರು ಮೈಮೇಲಿನ ಬಟ್ಟೆಗೆ ಸೀಮೆಸುಣ್ಣದ ಪುಡಿ ಹಚ್ಚಿ ಬೆಳ್ಳಗೆ ಮಾಡಿಕೊಂಡು ಬೀದಿಗೆ ಬರುತ್ತಿದ್ದರು, ಬಿಳಿ ಬಟ್ಟೆಯವನು ಎಂಬ ಅರ್ಥದಿಂದ 'ಕ್ಯಾಂಡಿಡೇಟ್' ಬಂತು. ನಮ್ಮ ಕ್ಯಾಂಡಿಡೇಟುಗಳ ಗಂಜಿ ಹಾಕಿದ ಬಿಳಿ ಅಂಗಿಯನ್ನು ನೋಡಿದರೆ ಏನೂ ವಿವರಿಸಬೇಕಾಗಿಲ್ಲ. 'ವೋಟ್' ಬಂದದ್ದು ಲ್ಯಾಟಿನ್ನಿನ 'ವೋಟುಂ'ನಿಂದ, ಅಂದರೆ ದೇವರಿಗೆ ಹೇಳಿಕೊಂಡ ಹರಕೆ. ಹರಕೆಗೆ ಆಡಿಸುವ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. 'ಬ್ಯಾಲಟ್' ಅಂದರೆ ಸಣ್ಣ ಗುಂಡು, ವೆನಿಸಿನವರು ಗುಂಡು ಹಾಕಿ ಮತ ಚಲಾಯಿಸುತ್ತಿದ್ದರು. 'ಬಾಯ್ಕಾಟ್' ಒಬ್ಬ ಮನುಷ್ಯನ ಹೆಸರು. 1880ರಲ್ಲಿ ಐರ್ಲೆಂಡಿನ ಮೇಯೋ ಎಂಬಲ್ಲಿ ಜಮೀನ್ದಾರನೊಬ್ಬನ ಏಜೆಂಟ್ ಆಗಿದ್ದ ಕ್ಯಾಪ್ಟನ್ ಬಾಯ್ಕಾಟನಿಗೆ ಊರವರೆಲ್ಲ ಸೇರಿ ಮಾತು ಬಿಟ್ಟರು, ಕೆಲಸಕ್ಕೂ ಹೋಗಲಿಲ್ಲ. 'ಸ್ಟ್ರೈಕ್' ಹಡಗಿನದ್ದು. 1768ರಲ್ಲಿ ಲಂಡನ್ನಿನ ನಾವಿಕರು ಕೂಲಿಗಾಗಿ ಹಾಯಿ ಇಳಿಸಿ ಕೂತರು, ಹಾಯಿ ಇಳಿಸುವುದಕ್ಕೆ ಅವರ ಮಾತಿನಲ್ಲಿ ಸ್ಟ್ರೈಕ್ ಅನ್ನುತ್ತಿದ್ದರು. ಮಲ್ಪೆಯ ಬೋಟಿನವರ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಇದ್ದರೆ ಇದನ್ನು ಅವರಿಂದಲೇ ಓದಿಸಿ.

'ಸ್ಯಾಲರಿ'ಯ ಕಥೆ ಅರ್ಧ ಸತ್ಯದ ಮಾದರಿ. ಲ್ಯಾಟಿನ್ನಿನ 'ಸಲಾರಿಯುಂ' ಉಪ್ಪಿಗೆ ಸಂಬಂಧಪಟ್ಟ ಶಬ್ದ ಹೌದು. ಆದರೆ ರೋಮನ್ ಸೈನಿಕರಿಗೆ ಸಂಬಳದ ಬದಲು ಉಪ್ಪು ಕೊಡುತ್ತಿದ್ದರು ಅಂತ ಆ ಕಾಲದವರು ಯಾರೂ ಬರೆದಿಟ್ಟಿಲ್ಲ. ಉಪ್ಪಿನ ನಂಟು ಹೇಳಿ, ಉಪ್ಪಿನ ಮೂಟೆ ಹೇಳಬೇಡಿ.

ಈ ಸುಳ್ಳುಗಳು ಇಷ್ಟು ಜೋರಾಗಿ ಓಡುವುದು ಯಾಕೆ? ನಿಜವಾದ ಹುಟ್ಟು ಹೆಚ್ಚಾಗಿ ಬೋರು, ಒಂದು ಬಾಲ ಸೇರಿತು, ಒಂದು ಅಕ್ಷರ ಬಿದ್ದುಹೋಯಿತು, ಅಷ್ಟೇ. ಸುಳ್ಳಿಗೆ ಒಬ್ಬ ರಾಜ ಇರುತ್ತಾನೆ, ಒಂದು ಊರು ಇರುತ್ತದೆ, ನಮ್ಮ ಭಾಷೆಯ ಹೆಮ್ಮೆ ಬೇರೆ ಸೇರಿರುತ್ತದೆ. ಹೆಮ್ಮೆ ಇದ್ದಲ್ಲಿ ಯಾರೂ ತಿರುಗಿಸಿ ಪರೀಕ್ಷೆ ಮಾಡುವುದಿಲ್ಲ. ಕಥೆ ಕೇಳಿದ ಕೂಡಲೇ 'ಅಬ್ಬಾ' ಅನ್ನಿಸಿದರೆ ಅವತ್ತು ಅಸೆಂಬ್ಲಿಯಲ್ಲಿ ಅದನ್ನು ಹೇಳಬೇಡಿ, ಮರುದಿನಕ್ಕೆ ಇಡಿ.

ಈಗ ಯಾವುದನ್ನು ನಂಬುವುದು. ಫೋನಿನಲ್ಲಿ ಉಚಿತವಾಗಿ ಸಿಗುವ 'ಎಟಿಮ್ ಆನ್‌ಲೈನ್' ಶಾಲೆಯ ಕೆಲಸಕ್ಕೆ ಧಾರಾಳ ಸಾಕು. ಡಗ್ಲಸ್ ಹಾರ್ಪರ್ ಎಂಬವರು ದೊಡ್ಡ ನಿಘಂಟುಗಳನ್ನು ನೋಡಿ ಕಟ್ಟಿದ್ದು ಅದು, ಸ್ವಂತ ಸಂಶೋಧನೆ ಅಲ್ಲ. ಹಾಗಾಗಿ ಮೆರಿಯಮ್ ವೆಬ್‌ಸ್ಟರ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಎರಡೂ ಕಡೆ ಒಂದೇ ಥರ ಇದ್ದರೆ ಹೇಳಬಹುದು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಎಲ್ಲಕ್ಕಿಂತ ಗಟ್ಟಿ, ಆದರೆ ಅದಕ್ಕೆ ದುಡ್ಡು ಕಟ್ಟಬೇಕು, ಹತ್ತಿರದ ದೊಡ್ಡ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಿ. ಭಾರತದಿಂದ ಹೋದ ಶಬ್ದಗಳಿಗೆ 1886ರ 'ಹಾಬ್ಸನ್ ಜಾಬ್ಸನ್' ಉಂಟು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ನಮ್ಮ ಭೂತಗಳ ಪಾಡ್ದನಗಳನ್ನು, ಅಂದರೆ ಅವುಗಳ ಕಥೆ ಹೇಳುವ ತುಳು ಹಾಡುಗಳನ್ನು, ಬರೆಸಿಟ್ಟವರೇ. ಓದಲು ಬಹಳ ರುಚಿ, ಆದರೆ ಹಳೆಯದು, ಬ್ರಿಟಿಷರ ಕಣ್ಣಿನದ್ದು, ಅಲ್ಲಲ್ಲಿ ಊಹೆಯೂ ಉಂಟು, ಅದೊಂದನ್ನೇ ನಂಬಿದರೆ ಪೆಟ್ಟು ಬೀಳುತ್ತದೆ. ತುಳು ಶಬ್ದಕ್ಕೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ಆರು ಸಂಪುಟಗಳ ತುಳು ನಿಘಂಟು ನೋಡಿ, ನಿಮಗೆ ಹತ್ತಿರದಲ್ಲೇ ಸಿಗುತ್ತದೆ.

ಎಐಯನ್ನು ಕೇಳಬಹುದಾ ಅಂತ ನೀವು ಕೇಳಲಿಲ್ಲ, ಆದರೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಕೇಳಲಿ. ಅದು ಸರಿ ಉತ್ತರವನ್ನೂ ಇಲ್ಲದ ಕಥೆಯನ್ನೂ ಒಂದೇ ದನಿಯಲ್ಲಿ ಹೇಳುತ್ತದೆ, ಅದೇ ಅಪಾಯ. ಮಾತಿನ ಧೈರ್ಯ ನೋಡಿ ನಂಬುವ ಹಾಗಿಲ್ಲ, ನಿಘಂಟಿನಲ್ಲಿ ತಾಳೆ ನೋಡಿದ ಮೇಲೆ ಮಾತ್ರ.

ನಿಘಂಟಿನಲ್ಲಿ ಒಂದು ಇಸವಿ ಕೊಟ್ಟಿರುತ್ತಾರಲ್ಲ, ಅದು ಶಬ್ದ ಹುಟ್ಟಿದ ವರ್ಷ ಅಲ್ಲ. ಬರಹದಲ್ಲಿ ಸಿಕ್ಕಿದ ಅತಿ ಹಳೆಯ ಜಾಗ ಅಷ್ಟೇ. ಬಾಯಲ್ಲಿ ಅದಕ್ಕಿಂತ ಮೊದಲೇ ಇದ್ದಿರಬಹುದು. ಕೆಲವು ಕಡೆ 'ಮೂಲ ತಿಳಿದಿಲ್ಲ' ಅಂತ ಬರೆದಿರುತ್ತಾರೆ. ದಿನಾ ನ್ಯೂಸಿನಲ್ಲಿ ಬರುವ 'ಸ್ಕ್ಯಾಮ್' ಹಾಗೆಯೇ, 1960ರ ದಶಕದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡದ್ದು, ಅದರಾಚೆ ದಾರಿ ಸಿಗುವುದಿಲ್ಲ. ಹೀಗೆ ಬರೆಯುವ ನಿಘಂಟನ್ನು ಜಾಸ್ತಿ ನಂಬಿ. ಮಕ್ಕಳಿಗೂ ಅದನ್ನು ಹಾಗೇ ಹೇಳಿ.

ಇಷ್ಟು ದಿನ ಹೇಳಿದ್ದನ್ನು ಏನು ಮಾಡುವುದು? ಎರಡು ದಾರಿ ಉಂಟು. ಸುಮ್ಮನೆ ಬಿಟ್ಟು ಇನ್ನು ಮುಂದೆ ಸರಿ ಹೇಳಬಹುದು, ಆದರೆ ನಾಲ್ಕು ದಿಕ್ಕಿನ ಕಥೆ ಮಕ್ಕಳ ತಲೆಯಲ್ಲಿ ಉಳಿದು ಅವರು ಅದನ್ನೇ ಕ್ವಿಜ್‌ನಲ್ಲಿ ಹೇಳಿಬರುತ್ತಾರೆ. ಇಲ್ಲವಾದರೆ ಮೂರು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ನಾನು ಹೇಳಿದ ಆರು ಶಬ್ದ ಇಲ್ಲಿವೆ, ಯಾವುದು ನಿಲ್ಲುತ್ತದೆ ನೋಡಿ ಅಂತ ಅವರಿಗೇ ಬಿಡಬಹುದು. ಟೀಚರ್ ತಪ್ಪು ಹೇಳಿದರು ಅಂತ ಮನೆಯಲ್ಲಿ ಮಾತಾದೀತು, ಅಷ್ಟು ಇರುತ್ತದೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಆ ಹುಡುಗಿಯ ತಂದೆಯನ್ನೂ ಒಂದು ದಿನ ಕರೆಯಿರಿ, ಇಷ್ಟು ಆಸಕ್ತಿ ಇರುವ ಪೋಷಕರು ಎಲ್ಲಿ ಸಿಗುತ್ತಾರೆ! ದಿನಕ್ಕೊಂದು ಶಬ್ದ ಬೇಡ, ತಾಳೆ ನೋಡಲು ಪುರುಸೊತ್ತು ಸಿಗುವುದಿಲ್ಲ, ವಾರಕ್ಕೆ ಒಂದೆರಡು ಸಾಕು.

ಮಾದರಿ ಬೇಕು ಅಂತಾದರೆ, ಮಳೆಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿಗೆ ರೆಡ್ ಅಲರ್ಟ್ ಅಂತ ಹೆಡ್‌ಲೈನ್ ಬಂದ ಮರುದಿನ ಇಷ್ಟು ಓದಿಸಿ: "ಅಲರ್ಟ್ ಬಂದದ್ದು ಇಟಲಿಯ 'ಆಲ್ ಎರ್ತಾ' ಎಂಬ ಕೂಗಿನಿಂದ. ಎರ್ತಾ ಅಂದರೆ ಎತ್ತರದ ಕಾವಲು ಜಾಗ. ಎತ್ತರಕ್ಕೆ ಹತ್ತಿ ನೋಡಿ ಅಂತ ಸೈನಿಕರು ಕೂಗುತ್ತಿದ್ದರು. ಅಲ್ಲಿಂದ ಫ್ರೆಂಚಿಗೆ, ಆಮೇಲೆ ಇಂಗ್ಲಿಷಿಗೆ ಬಂತು. ಅಲಾರಂ ಕೂಡ ಇಟಲಿಯದ್ದೇ, ಆಯುಧ ಹಿಡಿಯಿರಿ ಅಂತ ಅರ್ಥ." ಮರುದಿನ ಅಂದೆ, ಯಾಕೆಂದರೆ ಅಲರ್ಟ್ ಬಂದ ದಿನ ಡೀಸಿ ರಜೆ ಕೊಟ್ಟಿರುತ್ತಾರೆ, ಅಸೆಂಬ್ಲಿಯೇ ಇರುವುದಿಲ್ಲ.